ಗಾಳಿಮೀಟರ್ ಕಳಚುವ ಮುನ್ನ: 1.6 ಲೀಟರಿನ ಮಿಯಾಟಾಕ್ಕೆ ಹೊಸ ಇಸಿಯು ಹಾಕಿದ ಬಳಿಕ ಸೆನ್ಸರುಗಳನ್ನು ತೆಗೆಯುವ ಮತ್ತು ಸ್ಥಳಾಂತರಿಸುವ ಕ್ರಮ

ಕಾರ್ಖಾನೆಯಿಂದ ಬಂದ ಎಂಜಿನ್ ಕಂಪ್ಯೂಟರನ್ನು, ಅಂದರೆ ಇಸಿಯುವನ್ನು, ತೆಗೆದು ಹೊರಗಿನ ಇಸಿಯು ಒಂದನ್ನು ಕೂರಿಸಿದ ಮೇಲೆ ಹಳೆಯ ಸೆನ್ಸರುಗಳಲ್ಲಿ ಕೆಲವಕ್ಕೆ ಕೆಲಸವೇ ಇಲ್ಲದಂತಾಗುತ್ತದೆ, ಕೆಲವು ಹಿಂದಿಗಿಂತ ಹೆಚ್ಚು ಮುಖ್ಯವಾಗುತ್ತವೆ, ಇನ್ನು ಕೆಲವಕ್ಕೆ ಕೆಲಸ ಉಳಿದರೂ ಕುಳಿತಿರುವ ಜಾಗ ಸರಿಹೊಂದುವುದಿಲ್ಲ. ಯಾವುದು ಯಾವ ಗುಂಪಿಗೆ ಸೇರಿದ್ದೆಂದು ತಿಳಿಯದೆ ಸ್ಪ್ಯಾನರ್ ಹಿಡಿದರೆ ಕಾರು ಸ್ಟಾರ್ಟ್ ಆಗದೆ ನಿಲ್ಲುವುದು ಸಣ್ಣ ತೊಂದರೆ. ಸ್ಟಾರ್ಟ್ ಆಗಿ, ಚೆನ್ನಾಗಿಯೇ ಓಡುತ್ತಿರುವಂತೆ ಕಂಡು, ಒಂದು ದಿನ ಪಿಸ್ಟನ್ ಕರಗಿಸಿಕೊಳ್ಳುವುದು ದೊಡ್ಡ ತೊಂದರೆ. ಈ ಲೇಖನವನ್ನು 1990ರಿಂದ 1993ರವರೆಗಿನ ಮಾಜ್ದಾ ಎಂಎಕ್ಸ್-5 ಮಿಯಾಟಾ ಕಾರಿಗೆ ಮೆಗಾಸ್ಕ್ವರ್ಟ್ ಬಗೆಯ ಇಸಿಯು ಹಾಕಿದ ಸಂದರ್ಭವನ್ನು ಎದುರಿಗಿಟ್ಟುಕೊಂಡು ಬರೆಯಲಾಗಿದೆ.

ಈ ಕಾರನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. 1989ರ ಫೆಬ್ರುವರಿಯಲ್ಲಿ ಶಿಕಾಗೊ ವಾಹನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಮಿಯಾಟಾದ ಆರಂಭದ ಮಾದರಿಗಳಲ್ಲಿ 1,597 ಸಿ.ಸಿ.ಯ ಬಿ6 ಎಂಜಿನ್ ಇದ್ದು, ಒಳಬರುವ ಗಾಳಿಯನ್ನು ಅಳೆಯಲು ಬಾಗಿಲಿನಂತೆ ತೆರೆದುಕೊಳ್ಳುವ ಫ್ಲ್ಯಾಪ್ ಇರುವ ಮೀಟರನ್ನು ಬಳಸಲಾಗಿತ್ತು, 1994ರಲ್ಲಿ 1.8 ಲೀಟರಿನ ಎಂಜಿನ್ ಬಂದಾಗ ಆ ಮೀಟರ್ ಹೋಗಿ ಬಿಸಿತಂತಿಯ ಮೀಟರ್ ಬಂತು. ಅಮೆರಿಕದಲ್ಲಿ 1996ರಿಂದ ಕಡ್ಡಾಯವಾದ, ಹೊಗೆ ನಿಯಂತ್ರಣದ ದೋಷಗಳನ್ನು ಕಾರೇ ಪತ್ತೆಹಚ್ಚುವ ಒಬಿಡಿ-2 ವ್ಯವಸ್ಥೆಗೂ ಮುಂಚಿನ ಕಾರಾದ್ದರಿಂದ ಹೊಸ ಇಸಿಯುವಿಗೆ ಎಂಜಿನ್ ನಡೆಸುವುದನ್ನು ಬಿಟ್ಟು ಬೇರೆ ಜವಾಬ್ದಾರಿ ಕಡಿಮೆ. ಬ್ರೂಸ್ ಬೌಲಿಂಗ್ ಮತ್ತು ಆಲ್ ಗ್ರಿಪ್ಪೊ ರೂಪಿಸಿದ ಮೆಗಾಸ್ಕ್ವರ್ಟನ್ನು ಜನ ತಾವೇ ಬೆಸುಗೆ ಹಾಕಿ ಕಟ್ಟಿಕೊಳ್ಳುತ್ತಿದ್ದ ಕಾಲದಿಂದಲೂ ಅದು ಅತಿ ಹೆಚ್ಚು ಸೇರಿಕೊಂಡ ಕಾರುಗಳಲ್ಲಿ ಇದೂ ಒಂದು. ಮಾಜ್ದಾ ಕಂಪನಿ ಭಾರತದಲ್ಲಿ ಕಾರು ಮಾರುವುದಿಲ್ಲವಾದರೂ ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಸೆಕೆಂಡ್‌ಹ್ಯಾಂಡ್ ಮಿಯಾಟಾ ಕೈಗೆಟುಕುವ ಹವ್ಯಾಸ. ಬೆಂಗಳೂರಿನಲ್ಲಿ ಬೇರೆ ಕಾರಿಗೆ ಸ್ವತಂತ್ರ ಇಸಿಯು ಹಾಕಿ ಟ್ರ್ಯಾಕಿಗೆ ಸಿದ್ಧಗೊಳಿಸುವವರಿಗೂ ಇಲ್ಲಿನ ತರ್ಕ ಹಾಗೆಯೇ ಅನ್ವಯಿಸುತ್ತದೆ, ಕನೆಕ್ಟರುಗಳು ಮಾತ್ರ ಬೇರೆ.

ಕಾನೂನಿನ ಮಾತನ್ನು ಮೊದಲೇ ಮುಗಿಸಿಬಿಡುವುದು ಒಳ್ಳೆಯದು. ಅಮೆರಿಕದ ಕ್ಲೀನ್ ಏರ್ ಆಕ್ಟ್ ರಸ್ತೆಯ ಮೇಲೆ ಓಡುವ ವಾಹನದ ಹೊಗೆ ನಿಯಂತ್ರಣ ಸಾಧನಗಳನ್ನು ಕಳಚುವುದನ್ನಾಗಲಿ ನಿಷ್ಕ್ರಿಯಗೊಳಿಸುವುದನ್ನಾಗಲಿ ಒಪ್ಪುವುದಿಲ್ಲ, ಮತ್ತು ಕ್ಯಾಲಿಫೋರ್ನಿಯಾದ ಹೊಗೆ ತಪಾಸಣೆಯಲ್ಲಿ 1990ರ ಕಾರಿಗೆ ವಿನಾಯಿತಿ ಇಲ್ಲ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ತಯಾರಕರು ನೀಡಿದ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ನಿಷೇಧಿಸುತ್ತದೆ; 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ ಅಂಥ ಪ್ರತಿಯೊಂದು ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಆದ್ದರಿಂದ ಮುಂದೆ ಬರುವ ಕೆಲಸವನ್ನು ಟ್ರ್ಯಾಕ್ ಕಾರಿನ ಕೆಲಸವೆಂದೇ ಓದಿಕೊಳ್ಳಬೇಕು. ಕಳಚಿದ ಯಾವ ಭಾಗವನ್ನೂ ಎಸೆಯಬಾರದು, ಯಾವ ತಂತಿಯನ್ನೂ ಕನೆಕ್ಟರಿನ ಬುಡದಲ್ಲಿ ಕತ್ತರಿಸಬಾರದು, ಮತ್ತು ಕ್ಯಾಟಲಿಟಿಕ್ ಕನ್ವರ್ಟರನ್ನೂ ಚಾರ್‌ಕೋಲ್ ಡಬ್ಬಿಯನ್ನೂ ಮುಟ್ಟುವ ಅಗತ್ಯ ಇಲ್ಲಿ ಎಲ್ಲಿಯೂ ಬರುವುದಿಲ್ಲ.

ಗಾಳಿಮೀಟರ್ ಮಾಡುತ್ತಿದ್ದ ಮೂರು ಕೆಲಸಗಳು

ಮೆಗಾಸ್ಕ್ವರ್ಟ್ ಎಂಜಿನ್ನಿನೊಳಗೆ ಹೋಗುವ ಗಾಳಿಯನ್ನು ನೇರವಾಗಿ ಅಳೆಯುವುದಿಲ್ಲ. ಇನ್‌ಟೇಕ್ ಮ್ಯಾನಿಫೋಲ್ಡಿನ ಒತ್ತಡ, ಒಳಬರುವ ಗಾಳಿಯ ತಾಪಮಾನ, ಎಂಜಿನ್ನಿನ ವೇಗ ಮತ್ತು ಟ್ಯೂನ್ ಮಾಡುವವರು ತುಂಬಿದ ದಕ್ಷತೆಯ ಕೋಷ್ಟಕ, ಇವುಗಳಿಂದ ಅದು ಗಾಳಿಯ ಪ್ರಮಾಣವನ್ನು ಲೆಕ್ಕ ಹಾಕುತ್ತದೆ. ಈ ಪದ್ಧತಿಗೆ ಸ್ಪೀಡ್-ಡೆನ್ಸಿಟಿ ಎಂದು ಹೆಸರು. ಹೀಗಾಗಿ ಫ್ಲ್ಯಾಪ್ ಮೀಟರ್ ದಾರಿಗೆ ಅಡ್ಡ ನಿಂತ ವಸ್ತುವಷ್ಟೇ ಆಗುತ್ತದೆ. ಟರ್ಬೊ ಹಾಕಿದ ಕಾರಿನಲ್ಲಂತೂ ಫ್ಲ್ಯಾಪ್ ಪೂರ್ತಿ ತೆರೆದುಕೊಂಡ ಮೇಲೆ ಅದರ ಅಳತೆಗೆ ಅರ್ಥವೇ ಉಳಿಯುವುದಿಲ್ಲ. ಅದನ್ನು ತೆಗೆಯಬೇಕು ಎಂಬುದರಲ್ಲಿ ವಿವಾದವಿಲ್ಲ.

ಆದರೆ ಆ ಅಲ್ಯೂಮಿನಿಯಂ ಪೆಟ್ಟಿಗೆಯೊಳಗೆ ಗಾಳಿ ಅಳೆಯುವ ಪೊಟೆನ್ಷಿಯೋಮೀಟರ್ (ಫ್ಲ್ಯಾಪ್ ತಿರುಗಿದಂತೆ ವೋಲ್ಟೇಜ್ ಬದಲಿಸುವ ಭಾಗ) ಒಂದೇ ಇಲ್ಲ. ಗಾಳಿಯ ತಾಪಮಾನದ ಥರ್ಮಿಸ್ಟರ್ (ಬಿಸಿಗೆ ತಕ್ಕಂತೆ ರೋಧ ಬದಲಾಗುವ ಸೆನ್ಸರ್) ಅಲ್ಲಿಯೇ ಇದೆ, ಮತ್ತು ಫ್ಲ್ಯಾಪ್ ಸ್ವಲ್ಪ ತೆರೆದ ಕೂಡಲೇ ಕೂಡಿಕೊಳ್ಳುವ ಒಂದು ಪುಟ್ಟ ಸ್ವಿಚ್ಚೂ ಇದೆ. ಈ ಸ್ವಿಚ್ಚಿನ ವಿಷಯ ಗೊತ್ತಿಲ್ಲದವರು ಪಡುವ ಪಾಡು ಒಂದೇ ಬಗೆಯದು: ಕೀಲಿ ತಿರುಗಿಸಿದರೆ ಎಂಜಿನ್ ಹತ್ತಿಕೊಳ್ಳುತ್ತದೆ, ಕೀಲಿಯಿಂದ ಕೈ ತೆಗೆದೊಡನೆ ಆರಿಹೋಗುತ್ತದೆ. ಕಾರಣ ಸರಳವಾಗಿದೆ. ಸ್ಟಾರ್ಟರ್ ತಿರುಗುತ್ತಿರುವಷ್ಟು ಹೊತ್ತು ಇಂಧನ ಪಂಪಿನ ರಿಲೇಗೆ ಸ್ಟಾರ್ಟರ್ ತಂತಿಯಿಂದಲೇ ಆಜ್ಞೆ ಹೋಗುತ್ತದೆ. ಎಂಜಿನ್ ಹತ್ತಿದ ಮೇಲೆ ಗಾಳಿಯ ಹರಿವು ಫ್ಲ್ಯಾಪನ್ನು ತೆರೆದಿಟ್ಟು, ಆ ಸ್ವಿಚ್ಚಿನ ಮೂಲಕ ರಿಲೇಯ ಸುರುಳಿಯನ್ನು ಗ್ರೌಂಡ್ ಮಾಡಿ ಪಂಪನ್ನು ನಡೆಸುತ್ತದೆ. ಮೀಟರ್ ಹೋದರೆ ಆ ಗ್ರೌಂಡೂ ಹೋಯಿತು.

ಇದಕ್ಕೆ ಅನೇಕರು ಸೂಚಿಸುವ ಪರಿಹಾರವೆಂದರೆ ಮೀಟರಿನ ಕನೆಕ್ಟರಿನಲ್ಲಿ ಆ ಎರಡು ತುದಿಗಳನ್ನು ತುಂಡು ತಂತಿಯಿಂದ ಶಾಶ್ವತವಾಗಿ ಸೇರಿಸಿಬಿಡುವುದು. ಹಾಗೆ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮಾಜ್ದಾದ ಎಂಜಿನಿಯರುಗಳು ಪಂಪಿನ ಸ್ವಿಚ್ಚನ್ನು ಗಾಳಿಮೀಟರಿನೊಳಗೆ ಇಟ್ಟದ್ದು ಜಾಗ ಸಿಕ್ಕಿತೆಂದಲ್ಲ. ಅಪಘಾತದಲ್ಲಿ ಎಂಜಿನ್ ನಿಂತರೆ ಗಾಳಿ ನಿಲ್ಲುತ್ತದೆ, ಗಾಳಿ ನಿಂತರೆ ಫ್ಲ್ಯಾಪ್ ಮುಚ್ಚುತ್ತದೆ, ಫ್ಲ್ಯಾಪ್ ಮುಚ್ಚಿದರೆ ಪಂಪ್ ನಿಲ್ಲುತ್ತದೆ. ತಂತಿ ಸೇರಿಸಿಟ್ಟ ಕಾರಿನಲ್ಲಿ ಕೀಲಿ ಆನ್ ಇರುವವರೆಗೂ, ಒಡೆದ ಇಂಧನ ಕೊಳವೆಯ ಮೂಲಕವೂ, ಪಂಪ್ ಪೆಟ್ರೋಲನ್ನು ತಳ್ಳುತ್ತಲೇ ಇರುತ್ತದೆ. ಆದ್ದರಿಂದ ರಿಲೇಯ ಕಡೆಗೆ ಹೋಗುವ ತಂತಿಯನ್ನು ಹೊಸ ಇಸಿಯುವಿನ ಇಂಧನ ಪಂಪ್ ಔಟ್‌ಪುಟ್ಟಿಗೆ ಸೇರಿಸಬೇಕು. ಇಸಿಯು ಕೀಲಿ ಹಾಕಿದೊಡನೆ ಒಂದೆರಡು ಸೆಕೆಂಡು ಪಂಪ್ ನಡೆಸಿ ಒತ್ತಡ ತುಂಬಿಸುತ್ತದೆ, ಎಂಜಿನ್ ತಿರುಗುತ್ತಿರುವ ಸಿಗ್ನಲ್ ಬರುತ್ತಿರುವವರೆಗೆ ಪಂಪನ್ನು ಉಳಿಸಿಕೊಳ್ಳುತ್ತದೆ, ಸಿಗ್ನಲ್ ನಿಂತ ಸ್ವಲ್ಪ ಹೊತ್ತಿನಲ್ಲೇ ಅದನ್ನು ಆರಿಸುತ್ತದೆ. ಹಳೆಯ ಸುರಕ್ಷತೆ ಹೀಗೆ ಬೇರೆ ರೂಪದಲ್ಲಿ ಉಳಿದಂತಾಗುತ್ತದೆ.

ಯಾವ ತಂತಿ ಎಂಬುದನ್ನು ಬಣ್ಣ ನೋಡಿ ತೀರ್ಮಾನಿಸದೆ ಆ ವರ್ಷದ ವೈರಿಂಗ್ ನಕ್ಷೆಯಿಂದ ಗುರುತಿಸಿ, ಮಲ್ಟಿಮೀಟರಿನಿಂದ ದೃಢಪಡಿಸಿಕೊಳ್ಳಬೇಕು. ಎಂಜಿನ್ ಕೋಣೆಯಲ್ಲಿರುವ ಡಯಾಗ್ನೋಸ್ಟಿಕ್ ಪೆಟ್ಟಿಗೆಯಲ್ಲಿ ‘ಎಫ್/ಪಿ’ ಮತ್ತು ‘ಜಿಎನ್‌ಡಿ’ ಎಂದು ಗುರುತಿರುವ ತುದಿಗಳನ್ನು ಕೀಲಿ ಆನ್ ಇಟ್ಟು ಸೇರಿಸಿದರೆ ಪಂಪಿನ ಗುಂಯ್‌ಗುಡುವಿಕೆ ಹಿಂಬದಿಯಿಂದ ಕೇಳಿಸಬೇಕು. ಕೇಳಿಸಿದರೆ ರಿಲೇ, ಪಂಪ್, ಅವುಗಳ ವೈರಿಂಗ್ ಸರಿಯಿವೆ, ಇನ್ನು ಉಳಿದದ್ದು ಆಜ್ಞೆ ಕೊಡುವವನ ಪ್ರಶ್ನೆ ಮಾತ್ರ ಎಂದು ತಿಳಿಯುತ್ತದೆ. ಪರೀಕ್ಷೆ ಮುಗಿದ ಕೂಡಲೇ ಆ ಜಂಪರನ್ನು ತೆಗೆಯಬೇಕು.

ಮೀಟರನ್ನು ಕಳಚುವ ದಿನ ಯಾವುದು ಎಂಬುದೂ ಮುಖ್ಯ. ಹೊಸ ಇಸಿಯು ಕೂರಿಸಿದ ದಿನವೇ ಬೇಡ. ಮೀಟರನ್ನು ಅದರ ಜಾಗದಲ್ಲೇ ಬಿಟ್ಟು, ಅದರೊಳಗಿನ ಥರ್ಮಿಸ್ಟರನ್ನೂ ಪಂಪ್ ಸ್ವಿಚ್ಚನ್ನೂ ಬಳಸಿಕೊಂಡೇ, ಮ್ಯಾನಿಫೋಲ್ಡ್ ಒತ್ತಡದ ಆಧಾರದಲ್ಲಿ ಎಂಜಿನ್ ಸ್ಥಿರವಾಗಿ ಐಡಲ್ ಆಗುವವರೆಗೆ (ಪೆಡಲ್ ಒತ್ತದೆ ತಾನೇ ಓಡುವವರೆಗೆ) ಟ್ಯೂನ್ ಮಾಡಿಕೊಂಡು, ಆಮೇಲೆ ಕಳಚುವುದು ಜಾಣತನ. ಹೀಗೆ ಮಾಡಿದರೆ ಕಳಚಿದ ನಂತರ ಹುಟ್ಟಿದ ತೊಂದರೆ ಕಳಚಿದ್ದರಿಂದಲೇ ಹುಟ್ಟಿತೆಂದು ನಿಶ್ಚಯವಾಗಿ ಹೇಳಬಹುದು.

ಮೀಟರ್ ಇದ್ದ ಜಾಗಕ್ಕೆ ಕೊಳವೆ ಹಾಕುವಾಗ ವಾಲ್ವ್ ಕವರಿನಿಂದ ಬರುವ ಉಸಿರಾಟದ ಹೋಸು ಮೊದಲಿನಂತೆ ಫಿಲ್ಟರ್ ಮತ್ತು ಥ್ರಾಟಲಿನ ನಡುವೆಯೇ ಸೇರಬೇಕು, ಐಡಲ್ ಗಾಳಿಗೆ ಹೋಗುವ ಹೋಸಿದ್ದರೆ ಅದೂ ಅಲ್ಲಿಯೇ ಸೇರಬೇಕು. ಅವುಗಳನ್ನು ತೆರೆದು ಬಿಟ್ಟರೆ ಧೂಳು ನೇರವಾಗಿ ಎಂಜಿನ್ನಿಗೆ. ಸೋರಿಕೆಯ ವರ್ತನೆಯೂ ಈಗ ಬದಲಾಗಿರುತ್ತದೆ ಎಂಬುದನ್ನು ನೆನಪಿಡಬೇಕು. ಮೀಟರ್ ಇದ್ದಾಗ ಅದರಾಚೆ ಸೋರಿ ಒಳಬಂದ ಗಾಳಿ ಲೆಕ್ಕಕ್ಕೆ ಸಿಗದೆ ಮಿಶ್ರಣ ಲೀನ್ (ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆ) ಆಗುತ್ತಿತ್ತು. ಸ್ಪೀಡ್-ಡೆನ್ಸಿಟಿಯಲ್ಲಿ ಮ್ಯಾನಿಫೋಲ್ಡಿಗೆ ಸೋರಿದ ಗಾಳಿ ಒತ್ತಡವಾಗಿ ಲೆಕ್ಕಕ್ಕೆ ಬರುವುದರಿಂದ ಇಂಧನವೂ ಅದಕ್ಕೆ ತಕ್ಕಂತೆ ಬಂದು ಐಡಲ್ ವೇಗವೇ ಏರುತ್ತದೆ. ಕಾರಣವಿಲ್ಲದೆ ಏರಿದ ಐಡಲ್ಲನ್ನು ಸ್ಕ್ರೂ ತಿರುಗಿಸಿ ಇಳಿಸುವ ಮೊದಲು ಗ್ಯಾಸ್ಕೆಟ್ಟು, ಹೋಸುಗಳನ್ನು ನೋಡಬೇಕು.

ಗಾಳಿಯ ತಾಪಮಾನದ ಸೆನ್ಸರ್: ಜಾಗವೇ ಎಲ್ಲ

ಮೀಟರಿನೊಂದಿಗೆ ಹೋದ ಥರ್ಮಿಸ್ಟರಿನ ಜಾಗಕ್ಕೆ ಸಾಮಾನ್ಯವಾಗಿ ಜನರಲ್ ಮೋಟಾರ್ಸ್ ಮಾದರಿಯ, ತುದಿ ತೆರೆದಿರುವ ಸೆನ್ಸರನ್ನು ಹಾಕುತ್ತಾರೆ. ಇದರ ಎಳೆ 3/8 ಇಂಚಿನ ಎನ್‌ಪಿಟಿ (ಅಮೆರಿಕದ ಕೊಳವೆ ಎಳೆಯ ಅಳತೆ). ಹಿತ್ತಾಳೆಯ ಮುಚ್ಚಿದ ತುದಿಯುಳ್ಳ ಸೆನ್ಸರ್ ನೋಡಲು ಗಟ್ಟಿಮುಟ್ಟಾಗಿದ್ದರೂ ಅದು ಗಾಳಿಯ ಬಿಸಿಗಿಂತ ತಾನು ಕುಳಿತ ಲೋಹದ ಬಿಸಿಯನ್ನು ಹೆಚ್ಚು ಹೇಳುತ್ತದೆ, ಬದಲಾವಣೆಗೆ ನಿಧಾನವಾಗಿ ಸ್ಪಂದಿಸುತ್ತದೆ. ಗಾಳಿಗೆ ಅದು ಬೇಡ.

ಈ ಒಂದು ಸೆನ್ಸರಿನ ಜಾಗದ ಬಗ್ಗೆ ಇಷ್ಟು ಒತ್ತಿ ಹೇಳುವುದೇಕೆಂದರೆ ಲೆಕ್ಕದಲ್ಲಿ ಅದರ ಪಾತ್ರ ನೇರವಾದದ್ದು. ಗಾಳಿಯ ಸಾಂದ್ರತೆ ಕೆಲ್ವಿನ್ ಮಾನದ ತಾಪಮಾನಕ್ಕೆ ವಿಲೋಮ ಅನುಪಾತದಲ್ಲಿರುತ್ತದೆ. ನಿಜವಾದ ಗಾಳಿ 27 ಡಿಗ್ರಿ ಸೆಲ್ಸಿಯಸ್, ಅಂದರೆ 300 ಕೆಲ್ವಿನ್ ಇದ್ದು, ಬಿಸಿಲೋಹಕ್ಕೆ ಅಂಟಿಕೊಂಡ ಸೆನ್ಸರ್ 57 ಡಿಗ್ರಿ, ಅಂದರೆ 330 ಕೆಲ್ವಿನ್ ಎಂದು ಹೇಳಿದರೆ, ಇಸಿಯು ಗಾಳಿ ತೆಳುವಾಗಿದೆಯೆಂದು ನಂಬಿ ಸುಮಾರು ಶೇಕಡಾ 9ರಷ್ಟು ಇಂಧನವನ್ನು ಕಡಿತಗೊಳಿಸುತ್ತದೆ. 14.7 ಇರಬೇಕಾದ ಗಾಳಿ-ಇಂಧನ ಅನುಪಾತ ಆಗ 16ರ ಮೇಲಕ್ಕೆ ಹೋಗುತ್ತದೆ. ಸಿಗ್ನಲ್ಲಿನಲ್ಲಿ ನಿಂತ ಕಾರು ಹಸಿರು ಬಂದೊಡನೆ ತಡವರಿಸುವುದಕ್ಕೆ, ಬಿಸಿ ಎಂಜಿನ್ ಮತ್ತೆ ಸ್ಟಾರ್ಟ್ ಮಾಡಿದಾಗ ಕೆಮ್ಮುವುದಕ್ಕೆ ಬಹಳ ಸಲ ಇದೇ ಕಾರಣ. ಪೂರ್ಣ ಥ್ರಾಟಲಿನಲ್ಲಿ ಇದೇ ದೋಷ ಎಂಜಿನ್ನಿಗೆ ಅಪಾಯಕಾರಿ.

ಹಾಗಾಗಿ ಇನ್‌ಟೇಕ್ ಮ್ಯಾನಿಫೋಲ್ಡಿನ ಅಲ್ಯೂಮಿನಿಯಮ್ಮಿಗೆ ತೂತು ಕೊರೆದು ಸೆನ್ಸರ್ ಕೂರಿಸುವುದು ಸುಲಭವಾದರೂ ತಪ್ಪು. ಟರ್ಬೊ ಇಲ್ಲದ ಕಾರಿನಲ್ಲಿ ಎಂಜಿನ್ನಿನ ಮುಂಭಾಗದಲ್ಲಿ ಅಡ್ಡ ಹಾಯುವ ಪ್ಲಾಸ್ಟಿಕ್ ಅಥವಾ ಸಿಲಿಕೋನ್ ಕೊಳವೆಯಲ್ಲಿ, ಥ್ರಾಟಲಿಗೆ ಸ್ವಲ್ಪ ಮುಂಚೆ, ತುದಿ ಗಾಳಿಯ ಹರಿವಿನ ನಡುವಿಗೆ ಚಾಚುವಂತೆ ಕೂರಿಸಬೇಕು. ಟರ್ಬೊ ಇದ್ದರೆ ಇಂಟರ್‌ಕೂಲರಿನಿಂದ ಹೊರಬಂದ ನಂತರ, ಥ್ರಾಟಲಿಗೆ ಮುಂಚಿನ ತಂಪು ಕೊಳವೆ ಸೂಕ್ತ. ಟರ್ಬೊಗೆ ಮುಂಚೆ ಇಟ್ಟರೆ ಗಾಳಿ ಒತ್ತಡಕ್ಕೊಳಗಾಗಿ ಬಿಸಿಯಾದದ್ದು ಇಸಿಯುವಿಗೆ ತಿಳಿಯುವುದೇ ಇಲ್ಲ. ಈ ಕಾರಿನಲ್ಲಿ ಗಾಳಿಪೆಟ್ಟಿಗೆ ಇರುವುದು ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬದಿಯಲ್ಲೇ ಎಂಬುದನ್ನೂ ಮರೆಯಬಾರದು. ಮೀಟರನ್ನು ತೆಗೆದ ಉತ್ಸಾಹದಲ್ಲಿ ಪೆಟ್ಟಿಗೆಯನ್ನೂ ತೆಗೆದು ತೆರೆದ ಕೋನ್ ಫಿಲ್ಟರ್ ಸಿಕ್ಕಿಸಿದರೆ ಸೆನ್ಸರ್ ಎಲ್ಲಿದ್ದರೂ ಎಂಜಿನ್ ಬಿಸಿಗಾಳಿಯನ್ನೇ ಕುಡಿಯುತ್ತದೆ, ಗಾಳಿಮೀಟರಿನ ಅಡ್ಡಿ ನಿವಾರಿಸಿ ಗಳಿಸಿದ್ದನ್ನು ಅಲ್ಲಿ ಕಳೆದುಕೊಂಡಂತಾಗುತ್ತದೆ. ತಣ್ಣನೆಯ ಗಾಳಿ ಬರುವ ಕಡೆಯಿಂದ ಒಂದು ನಾಳ, ಮಧ್ಯೆ ಒಂದು ತಡೆಗೋಡೆ ಇಷ್ಟಾದರೂ ಬೇಕು.

ವೈರಿಂಗಿಗೆ ಹೊಸ ತಂತಿ ಎಳೆಯಬೇಕಾಗಿಲ್ಲ. ಮೀಟರಿನ ಕನೆಕ್ಟರಿಗೆ ಬರುತ್ತಿದ್ದ ತಾಪಮಾನದ ಸಿಗ್ನಲ್ ತಂತಿ ಮತ್ತು ಸೆನ್ಸರ್ ಗ್ರೌಂಡ್ ತಂತಿಗಳನ್ನು ಹೊಸ ಸೆನ್ಸರಿನ ಎರಡು ಕಾಲುಗಳಿಗೆ ಒಯ್ದರೆ ಸಾಕು. ಥರ್ಮಿಸ್ಟರಿಗೆ ತಲೆಬುಡದ ಭೇದವಿಲ್ಲ. ಹಳೆಯ ಕನೆಕ್ಟರಿಗೆ ಹೊಂದುವ ಗಂಡು ತುದಿಯೊಂದನ್ನು ಕೆಟ್ಟ ಮೀಟರಿನಿಂದ ಬಿಚ್ಚಿಕೊಂಡು ಅಡಾಪ್ಟರ್ ಮಾಡಿಕೊಂಡರೆ ಮೂಲ ಹಾರ್ನೆಸ್ ಮುಟ್ಟಿದಂತೆಯೇ ಆಗುವುದಿಲ್ಲ. ಗ್ರೌಂಡನ್ನು ಮಾತ್ರ ಕಾರಿನ ಲೋಹಕ್ಕೆ ಕಚ್ಚಿಸದೆ ಇಸಿಯುವಿನ ಸೆನ್ಸರ್ ಗ್ರೌಂಡಿಗೇ ಒಯ್ಯಬೇಕು, ಏಕೆಂದರೆ ಫ್ಯಾನು, ಹೆಡ್‌ಲೈಟುಗಳು ಆನ್ ಆದಾಗ ಲೋಹದ ಮೈಯ ವೋಲ್ಟೇಜ್ ಸ್ವಲ್ಪ ಅಲುಗುತ್ತದೆ.

ಹೊಸ ಸೆನ್ಸರಿಗೆ ಹೊಸ ಮಾಪನ ಬೇಕು. ಜನರಲ್ ಮೋಟಾರ್ಸ್ ಸೆನ್ಸರಿನ ರೋಧ ಮೈನಸ್ 40 ಡಿಗ್ರಿಯಲ್ಲಿ 1,00,700 ಓಮ್, 30 ಡಿಗ್ರಿಯಲ್ಲಿ 2,238 ಓಮ್, 99 ಡಿಗ್ರಿಯಲ್ಲಿ 177 ಓಮ್. ಈ ಮೂರು ಜೋಡಿಗಳನ್ನೂ, ಇಸಿಯುವಿನೊಳಗಿನ ಬಯಾಸ್ ರೆಸಿಸ್ಟರಿನ ಬೆಲೆಯನ್ನೂ (ಮೆಗಾಸ್ಕ್ವರ್ಟಿನಲ್ಲಿ ಸಾಮಾನ್ಯವಾಗಿ 2,490 ಓಮ್) ಟ್ಯೂನರ್‌ಸ್ಟುಡಿಯೊ ತಂತ್ರಾಂಶದ ಥರ್ಮಿಸ್ಟರ್ ಮಾಪನದ ಪುಟದಲ್ಲಿ ತುಂಬಿ ಇಸಿಯುವಿಗೆ ಬರೆಯಬೇಕು. ಇದನ್ನು ಬಿಟ್ಟು ಸೆನ್ಸರ್ ಮಾತ್ರ ಬದಲಿಸಿದರೆ ತಂತಿಯೆಲ್ಲ ಸರಿಯಿದ್ದೂ ತಾಪಮಾನ ತಪ್ಪಾಗಿಯೇ ಇರುತ್ತದೆ.

ಒತ್ತಡದ ಹೋಸು

ಹೆಚ್ಚಿನ ಮೆಗಾಸ್ಕ್ವರ್ಟುಗಳಲ್ಲಿ ಒತ್ತಡದ ಸೆನ್ಸರ್ ಇಸಿಯುವಿನ ಪೆಟ್ಟಿಗೆಯೊಳಗೇ ಇರುತ್ತದೆ. ಅಮೆರಿಕದ 1.6 ಮಿಯಾಟಾದಲ್ಲಿ ಇಸಿಯು ಪಕ್ಕದ ಪ್ರಯಾಣಿಕರ ಕಾಲಿನಡಿ ಕಾರ್ಪೆಟ್ಟಿನ ಕೆಳಗಿರುವುದರಿಂದ ಎಂಜಿನ್ ಕೋಣೆಯಿಂದ ಅಲ್ಲಿಯವರೆಗೆ ಒಂದು ಹೋಸನ್ನು ಫೈರ್‌ವಾಲಿನ ರಬ್ಬರ್ ಗ್ರೊಮೆಟ್ಟಿನ ಮೂಲಕ ಎಳೆಯಬೇಕಾಗುತ್ತದೆ. ಥ್ರಾಟಲಿನಾಚೆ ಮ್ಯಾನಿಫೋಲ್ಡಿನ ಪ್ಲೀನಮ್ಮಿನಲ್ಲಿರುವ ಪ್ರತ್ಯೇಕ ನಿಪ್ಪಲ್ಲೊಂದನ್ನು ಇದಕ್ಕೆ ಮೀಸಲಿಡಬೇಕು. ಬ್ರೇಕ್ ಬೂಸ್ಟರಿನ ಹೋಸಿಗೆ ಟೀ ಹಾಕಿ ಕವಲು ತೆಗೆದರೆ ಬ್ರೇಕ್ ಒತ್ತಿದಾಗಲೆಲ್ಲ ಓದು ಕುಣಿಯುತ್ತದೆ, ಇಂಧನ ರೆಗ್ಯುಲೇಟರಿನ ಹೋಸಿನಿಂದ ತೆಗೆದರೂ ತುಸು ಹಾಗೆಯೇ. ಹೋಸು ಗಟ್ಟಿ ಗೋಡೆಯದಾಗಿರಬೇಕು, ಎಲ್ಲಿಯೂ ಜೋತು ಬಿದ್ದು ಪೆಟ್ರೋಲ್ ಆವಿ ದ್ರವವಾಗಿ ನಿಲ್ಲುವ ತಗ್ಗು ಇರಬಾರದು, ಕಾರ್ಪೆಟ್ಟಿನಡಿ ಜಜ್ಜಿಹೋಗಬಾರದು. ಬೂಸ್ಟ್ (ಟರ್ಬೊ ಗಾಳಿಯನ್ನು ಒತ್ತಿ ತುಂಬುವುದು) ಇರುವ ಕಾರಿನಲ್ಲಿ ಎರಡೂ ತುದಿಗೆ ಟೈ ಬಿಗಿಯಬೇಕು. ಈ ಹೋಸು ಕಳಚಿಕೊಂಡರೆ ಇಸಿಯು ವಾತಾವರಣದ ಒತ್ತಡವನ್ನೇ ಮ್ಯಾನಿಫೋಲ್ಡಿನ ಒತ್ತಡವೆಂದು ತಿಳಿದು, ಬೂಸ್ಟಿನಲ್ಲಿ ಬೇಕಾದುದಕ್ಕಿಂತ ತೀರ ಕಡಿಮೆ ಇಂಧನ ಕೊಡುತ್ತದೆ.

ಎಂಜಿನ್ ಆರಿಸಿ ಕೀಲಿ ಆನ್ ಮಾಡಿದಾಗ ಈ ಸೆನ್ಸರ್ ಆ ಊರಿನ ವಾಯುಭಾರವನ್ನು ತೋರಿಸಬೇಕು. ಸಮುದ್ರಮಟ್ಟದಲ್ಲಿ ಅದು 101 ಕಿಲೋಪ್ಯಾಸ್ಕಲ್ ಆಸುಪಾಸು; 1,600 ಮೀಟರ್ ಎತ್ತರದ ಡೆನ್ವರಿನಲ್ಲಿ 83ರಷ್ಟು; ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 91ರಷ್ಟು. ಮಂಗಳೂರಿನಲ್ಲಿ ಟ್ಯೂನ್ ಮಾಡಿದ ಕಾರು ಬೆಂಗಳೂರಿನಲ್ಲಿ 91 ತೋರಿಸಿದರೆ ಸೆನ್ಸರ್ ಕೆಟ್ಟಿತೆಂದು ಬಗೆಯಬಾರದು. ದೂರವಾಣಿಯ ಹವಾಮಾನ ಆ್ಯಪುಗಳು ತೋರಿಸುವುದು ಬಹುತೇಕ ಸಮುದ್ರಮಟ್ಟಕ್ಕೆ ಸರಿಹೊಂದಿಸಿದ ಒತ್ತಡವಾದ್ದರಿಂದ ಅದರೊಂದಿಗೆ ಹೋಲಿಸುವುದೂ ಸರಿಯಲ್ಲ.

ಥ್ರಾಟಲ್ ಸೆನ್ಸರ್

ಮ್ಯಾನುಯಲ್ ಗೇರಿನ 1.6 ಕಾರಿನಲ್ಲಿರುವುದು ನಿಜವಾದ ಥ್ರಾಟಲ್ ಸೆನ್ಸರ್ ಅಲ್ಲ. ಪೂರ್ಣ ಮುಚ್ಚಿದೆ, ಪೂರ್ಣ ತೆರೆದಿದೆ ಎಂಬ ಎರಡೇ ಸ್ಥಿತಿಗಳನ್ನು ಹೇಳುವ ಸ್ವಿಚ್ಚು. ಆಟೋಮ್ಯಾಟಿಕ್ ಗೇರಿನ ಕಾರಿನಲ್ಲಿ ಮಾತ್ರ ಪೊಟೆನ್ಷಿಯೋಮೀಟರ್ ಇತ್ತು. ಸ್ವಿಚ್ಚನ್ನೇ ಉಳಿಸಿಕೊಂಡು ವೇಗವರ್ಧನೆಯ ಇಂಧನವನ್ನು ಒತ್ತಡದ ಏರಿಕೆಯ ಆಧಾರದಲ್ಲಿ ಕೊಡಬಹುದಾದರೂ ಕಾಲೊತ್ತಿದಾಗ ಬರುವ ಪ್ರತಿಕ್ರಿಯೆ ಪೊಟೆನ್ಷಿಯೋಮೀಟರಿನಷ್ಟು ಚುರುಕಾಗಿರುವುದಿಲ್ಲ. ಬದಲಿಸುವವರು ಹಳೆಯ ಕಿಯಾ ಸೆಫಿಯಾದ ಸೆನ್ಸರನ್ನು ಹುಡುಕುವುದು ವಾಡಿಕೆ. ಇದಕ್ಕೆ ಬೇಕಾದ 5 ವೋಲ್ಟಿನ ತಂತಿಯನ್ನು ಇಸಿಯುವಿನಿಂದಲೇ ತರಬೇಕು, ಹಳೆಯ ಸ್ವಿಚ್ಚಿನ ಕನೆಕ್ಟರಿಗೆ ನೇರವಾಗಿ ಚುಚ್ಚಬಾರದು. ಕೂರಿಸಿದ ಮೇಲೆ ಪೆಡಲ್ ಬಿಟ್ಟ ಸ್ಥಿತಿ, ಪೂರ್ತಿ ಒತ್ತಿದ ಸ್ಥಿತಿ ಎರಡನ್ನೂ ತಂತ್ರಾಂಶದಲ್ಲಿ ದಾಖಲಿಸಬೇಕು, ಮತ್ತು ಆ ದಾಖಲೆಯನ್ನು ಕೈಯಿಂದ ಥ್ರಾಟಲ್ ತಿರುವಿ ಮಾಡದೆ ಪೆಡಲ್ ಒತ್ತಿಯೇ ಮಾಡಬೇಕು.

ಆಮ್ಲಜನಕದ ಸೆನ್ಸರನ್ನು ಕೆಳಗಿಳಿಸುವುದು

ಈ ವರ್ಷಗಳ ಕಾರಿನಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲೇ ಕುಳಿತ, ಒಂದೇ ತಂತಿಯ, ಸ್ವಂತ ಹೀಟರಿಲ್ಲದ ನ್ಯಾರೋಬ್ಯಾಂಡ್ ಸೆನ್ಸರ್ ಇರುತ್ತದೆ. ಹೀಟರಿಲ್ಲದ್ದರಿಂದಲೇ ಅದನ್ನು ಬೆಂಕಿಗೆ ಅಷ್ಟು ಹತ್ತಿರ ಇಟ್ಟದ್ದು. ಅದು ಮಿಶ್ರಣ 14.7ರ ಈಚೆಗಿದೆಯೋ ಆಚೆಗಿದೆಯೋ ಎಂಬುದನ್ನಷ್ಟೇ ಹೇಳಬಲ್ಲದು. ಎಷ್ಟು ಎಂದು ಹೇಳಲಾರದು. ಹೊಸ ಇಸಿಯುವನ್ನು ಟ್ಯೂನ್ ಮಾಡಲು ವೈಡ್‌ಬ್ಯಾಂಡ್ ಸೆನ್ಸರ್, ಸಾಮಾನ್ಯವಾಗಿ ಬಾಷ್ ಕಂಪನಿಯ ಎಲ್‌ಎಸ್‌ಯು 4.9, ಬೇಕೇ ಬೇಕು. ಇಲ್ಲಿ ಒಂದು ಪ್ರಲೋಭನೆಯಿದೆ: ಎರಡರ ಎಳೆಯೂ 18 ಮಿ.ಮೀ. ವ್ಯಾಸ, 1.5 ಮಿ.ಮೀ. ಪಿಚ್ಚಿನದೇ ಆದ್ದರಿಂದ ಹಳೆಯದನ್ನು ಬಿಚ್ಚಿ ಹೊಸದನ್ನು ಅದೇ ತೂತಿಗೆ ತಿರುಗಿಸಬಹುದು. ತಿರುಗಿಸಬಾರದು. ಸ್ವಂತ ಹೀಟರಿರುವ ವೈಡ್‌ಬ್ಯಾಂಡ್ ಮ್ಯಾನಿಫೋಲ್ಡಿನ ಬಿಸಿಯಲ್ಲಿ ಅತಿಯಾಗಿ ಕಾದು ತಪ್ಪು ಹೇಳುತ್ತದೆ, ಬೇಗ ಸಾಯುತ್ತದೆ. ಎಕ್ಸಾಸ್ಟ್ ಪೋರ್ಟಿನಿಂದ ಸುಮಾರು 60 ಸೆಂ.ಮೀ. ಕೆಳಗೆ, ಟರ್ಬೊ ಇದ್ದರೆ ಟರ್ಬೊ ದಾಟಿದ ಮೇಲೆ, ಆದರೆ ಕ್ಯಾಟಲಿಟಿಕ್ ಕನ್ವರ್ಟರಿಗೆ ಮುಂಚೆ ಹೊಸ ಬಂಗ್ (ಸೆನ್ಸರ್ ತಿರುಗಿಸುವ ಎಳೆಯುಳ್ಳ ಉಂಗುರ) ಬೆಸೆಸಿಕೊಳ್ಳಬೇಕು. ಸೆನ್ಸರಿನ ತುದಿ ಕೆಳಮುಖವಾಗಿ, ಮೈ ಅಡ್ಡಗೆರೆಗಿಂತ ಕನಿಷ್ಠ 10 ಡಿಗ್ರಿ ಮೇಲೆ ಓರೆಯಾಗಿರಬೇಕು. ಇಲ್ಲವಾದರೆ ತಣ್ಣನೆಯ ಸ್ಟಾರ್ಟಿನಲ್ಲಿ ಕೊಳವೆಯಲ್ಲಿ ಕಟ್ಟುವ ನೀರಹನಿ ಕಾದ ಸೆರಾಮಿಕ್ಕಿಗೆ ತಗುಲಿ ಅದು ಸೀಳುತ್ತದೆ. ಮ್ಯಾನಿಫೋಲ್ಡಿನ ಹಳೆಯ ತೂತಿಗೆ ಅದೇ ಎಳೆಯ ಪ್ಲಗ್ಗನ್ನು ಆ್ಯಂಟಿಸೀಜ್ ಹಚ್ಚಿ ಬಿಗಿಯಬೇಕು.

ಎಲ್‌ಎಸ್‌ಯು ಸೆನ್ಸರಿನ ತಂತಿಯನ್ನು ಉದ್ದ ಮಾಡಲೆಂದು ಕತ್ತರಿಸುವವರಿದ್ದಾರೆ. ಕಾರ್ಖಾನೆಯಲ್ಲಿ ಆ ಸೆನ್ಸರಿಗೆಂದೇ ಹೊಂದಿಸಿದ ರೆಸಿಸ್ಟರ್ ಅದರ ಕನೆಕ್ಟರಿನೊಳಗಿರುವುದರಿಂದ ಕನೆಕ್ಟರನ್ನು ಬೇರ್ಪಡಿಸಬಾರದು. ಉದ್ದ ಬೇಕಾದರೆ ಸೆನ್ಸರನ್ನು ನಡೆಸುವ ಕಂಟ್ರೋಲರ್ ಪೆಟ್ಟಿಗೆಯ ಕಡೆಯ ಕೇಬಲ್ಲನ್ನು ಬದಲಿಸಬೇಕು. ವಿದ್ಯುತ್ ಕೊಡದೆ ವೈಡ್‌ಬ್ಯಾಂಡನ್ನು ಹರಿಯುವ ಹೊಗೆಯಲ್ಲಿ ಬಿಟ್ಟರೆ ಮಸಿ ಕಟ್ಟಿ ಹಾಳಾಗುತ್ತದೆ, ಆದ್ದರಿಂದ ವೈರಿಂಗ್ ಆಗುವವರೆಗೆ ಅದನ್ನು ಕೂರಿಸಲೇಬಾರದು. ಕಂಟ್ರೋಲರಿನ ಅನಲಾಗ್ ಗ್ರೌಂಡ್ ಇಸಿಯುವಿನ ಗ್ರೌಂಡ್ ಇರುವಲ್ಲಿಗೇ ಹೋಗಬೇಕೆಂಬುದಕ್ಕೆ ಒಂದು ಲೆಕ್ಕ ನೋಡಿ: ಇನ್ನೋವೇಟ್ ಎಲ್‌ಸಿ-2 ಕಂಟ್ರೋಲರಿನ ಮೂಲ ಹೊಂದಾಣಿಕೆಯಲ್ಲಿ 0 ವೋಲ್ಟೆಂದರೆ ಗಾಳಿ-ಇಂಧನ ಅನುಪಾತ 7.35, 5 ವೋಲ್ಟೆಂದರೆ 22.39. ಅಂದರೆ ಗ್ರೌಂಡಿನಲ್ಲಿ 0.1 ವೋಲ್ಟಿನ ವ್ಯತ್ಯಾಸ ಬಂದರೆ ಅನುಪಾತದಲ್ಲಿ 0.3ರ ತಪ್ಪು. ಅಷ್ಟು ತಪ್ಪಿನ ಮೇಲೆ ಕಟ್ಟಿದ ಇಂಧನ ಕೋಷ್ಟಕ ಇಡೀ ತಪ್ಪೇ.

ಕೂಲೆಂಟಿನ ಸೆನ್ಸರ್

ಇದನ್ನು ತೆಗೆಯುವ ಪ್ರಶ್ನೆಯೇ ಇಲ್ಲ. ಮೂಲ ಸೆನ್ಸರ್ ಚೆನ್ನಾಗಿದೆ. ಅದರ ರೋಧ 20 ಡಿಗ್ರಿಯಲ್ಲಿ 2.2ರಿಂದ 2.7 ಕಿಲೋಓಮ್, 80 ಡಿಗ್ರಿಯಲ್ಲಿ ಸುಮಾರು 0.3 ಕಿಲೋಓಮ್ ಇದ್ದರೆ ಉಳಿಸಿಕೊಳ್ಳಬಹುದು. ಜಾಗ ಬದಲಿಸುವ ಸಂದರ್ಭ ಬರುವುದು ಕೂಲೆಂಟ್ ರೀರೂಟ್ (ಎಂಜಿನ್ ತಣಿಸುವ ನೀರಿನ ದಾರಿಯ ಬದಲಾವಣೆ) ಮಾಡಿಸುವವರಿಗೆ. ಬಿ6 ಎಂಜಿನ್ ಮೊದಲು ಮಾಜ್ದಾ 323 ಕಾರಿನಲ್ಲಿ ಅಡ್ಡಲಾಗಿ ಕೂತಿದ್ದಾಗ ಬಿಸಿನೀರು ಸಿಲಿಂಡರ್ ಹೆಡ್ಡಿನ ಒಂದು ಕೊನೆಯಿಂದ ಹೊರಬರುತ್ತಿತ್ತು. ಮಿಯಾಟಾದಲ್ಲಿ ಎಂಜಿನ್ನನ್ನು ಉದ್ದಕ್ಕೆ ತಿರುಗಿಸಿದಾಗ ಆ ಕೊನೆ ಫೈರ್‌ವಾಲಿನ ಕಡೆ ಸೇರಿತು, ಜಾಗವಿಲ್ಲದೆ ಮಾಜ್ದಾ ನೀರಿನ ದಾರಿಯನ್ನು ಮುಂಭಾಗಕ್ಕೆ ತಂದಿತು, ಹಿಂದಿನ ಸಿಲಿಂಡರುಗಳ ಸುತ್ತ ಹರಿವು ಕಡಿಮೆಯಾಯಿತು. ಟರ್ಬೊ ಹಾಕಿದವರು ಇದನ್ನು ಸರಿಪಡಿಸಲು ಥರ್ಮೋಸ್ಟಾಟನ್ನು ಹಿಂದಕ್ಕೆ ಒಯ್ಯುತ್ತಾರೆ. ಇಸಿಯುವಿನ ಸೆನ್ಸರೂ ಡ್ಯಾಶ್‌ಬೋರ್ಡಿನ ಮುಳ್ಳಿಗೆ ಸಿಗ್ನಲ್ ಕೊಡುವ ಒಂಟಿ ತಂತಿಯ ಸೆಂಡರೂ ಹೆಡ್ಡಿನ ಹಿಂಬದಿಯಲ್ಲೇ ಇರುವುದರಿಂದ ಹೊಸ ಸ್ಪೇಸರಿಗೆ ಅವುಗಳನ್ನು ಸಾಗಿಸಬೇಕಾಗುತ್ತದೆ.

ಎರಡು ಎಚ್ಚರಿಕೆಗಳು. ಸೆನ್ಸರಿನ ತುದಿ ಹರಿಯುವ ನೀರಿನಲ್ಲಿರಬೇಕು, ಗಾಳಿಗುಳ್ಳೆ ನಿಲ್ಲುವ ಮೂಲೆಯಲ್ಲಲ್ಲ; ಗುಳ್ಳೆಯಲ್ಲಿ ಕುಳಿತ ಸೆನ್ಸರ್ ಎಂಜಿನ್ ಕುದಿಯುತ್ತಿರುವಾಗಲೂ ಶಾಂತವಾಗಿ 80 ಎಂದು ಹೇಳಬಲ್ಲದು. ಒಂಟಿ ತಂತಿಯ ಸೆಂಡರ್ ತನ್ನ ಎಳೆಯ ಮೂಲಕವೇ ಗ್ರೌಂಡ್ ಪಡೆಯುವುದರಿಂದ ಅದಕ್ಕೆ ಟೆಫ್ಲಾನ್ ಟೇಪನ್ನು ದಪ್ಪಗೆ ಸುತ್ತಿದರೆ ಮುಳ್ಳು ಮೇಲೇಳುವುದಿಲ್ಲ. ಇನ್ನು ರೇಡಿಯೇಟರ್ ಫ್ಯಾನನ್ನು ಆನ್ ಮಾಡುವ ಥರ್ಮೋಸ್ವಿಚ್ ಮುಂಭಾಗದ ಥರ್ಮೋಸ್ಟಾಟ್ ಹೌಸಿಂಗಿನಲ್ಲಿದ್ದು ಸುಮಾರು 97 ಡಿಗ್ರಿಗೆ ಕೆಲಸ ಮಾಡುತ್ತಿತ್ತು. ನೀರಿನ ದಾರಿ ಬದಲಾದ ಮೇಲೆ ಅದನ್ನು ನಂಬುವಂತಿಲ್ಲ. ಅದರ ತಂತಿಯನ್ನು ಇಸಿಯುವಿನ ಖಾಲಿ ಔಟ್‌ಪುಟ್ಟಿಗೆ ಕೊಟ್ಟು, ಫ್ಯಾನನ್ನು ಇಸಿಯುವೇ ಆನ್ ಮತ್ತು ಆಫ್ ಮಾಡುವಂತೆ, ಎರಡು ತಾಪಮಾನಗಳ ನಡುವೆ ನಾಲ್ಕೈದು ಡಿಗ್ರಿ ಅಂತರವಿಟ್ಟು ಹೊಂದಿಸುವುದು ಮೇಲು.

ಕ್ಯಾಮ್ ಸೆನ್ಸರನ್ನು ಮುಟ್ಟಬೇಕೆ?

ಹೆಡ್ಡಿನ ಹಿಂಬದಿಯಲ್ಲಿ ಕ್ಯಾಮ್‌ಶಾಫ್ಟಿನಿಂದ ತಿರುಗುವ ಆಪ್ಟಿಕಲ್ ಸೆನ್ಸರ್ ಎಂಜಿನ್ನಿನ ವೇಗ, ಸ್ಥಾನ ಎರಡನ್ನೂ ಹೇಳುತ್ತದೆ. ಸಾಮಾನ್ಯ ಬಳಕೆಗೆ ಅದನ್ನು ಹಾಗೆಯೇ ಬಿಡುವುದೇ ಲೇಸು. ಆದರೆ ಅದು ಕ್ರ್ಯಾಂಕಿನ ಪ್ರತಿ 180 ಡಿಗ್ರಿಗೊಮ್ಮೆ ಮಾತ್ರ ಸುದ್ದಿ ಕೊಡುವುದರಿಂದಲೂ, ಟೈಮಿಂಗ್ ಬೆಲ್ಟಿನ ಸಡಿಲಿಕೆಯನ್ನೆಲ್ಲ ತನ್ನೊಳಗೆ ಸೇರಿಸಿಕೊಳ್ಳುವುದರಿಂದಲೂ, ಹೆಚ್ಚಿನ ವೇಗದಲ್ಲಿ ಇಗ್ನಿಷನ್ ಕೆಲವು ಡಿಗ್ರಿ ಅತ್ತಿತ್ತ ಆಗಬಹುದು. ಬೂಸ್ಟ್ ಹೆಚ್ಚಿಸುವವರು ಕ್ರ್ಯಾಂಕ್ ಪುಲ್ಲಿಗೆ 36 ಹಲ್ಲಿನ ಜಾಗದಲ್ಲಿ ಒಂದು ಹಲ್ಲು ಬಿಟ್ಟ ಚಕ್ರ ಹಾಕಿ, ಹಾಲ್ ಸೆನ್ಸರನ್ನು ಅದರೆದುರು ಸುಮಾರು 1 ಮಿ.ಮೀ. ಅಂತರದಲ್ಲಿ ಗಟ್ಟಿಯಾದ ಬ್ರ್ಯಾಕೆಟ್ಟಿನಲ್ಲಿ ಕೂರಿಸುತ್ತಾರೆ. ಆಗ ಹತ್ತು ಡಿಗ್ರಿಗೊಮ್ಮೆ ಸುದ್ದಿ ಸಿಗುತ್ತದೆ. ಸೀಕ್ವೆನ್ಷಿಯಲ್ ಇಂಜೆಕ್ಷನ್ (ಪ್ರತಿ ಸಿಲಿಂಡರಿಗೆ ಅದರ ಸರದಿಯಲ್ಲೇ ಇಂಧನ ಚಿಮ್ಮಿಸುವುದು) ಬೇಕಾದರೆ ಕ್ಯಾಮ್ ಸೆನ್ಸರನ್ನೂ ಉಳಿಸಿಕೊಳ್ಳಬೇಕು.

ಈ ಎರಡರಲ್ಲಿ ಯಾವುದನ್ನು ಬಿಚ್ಚಿ ಹಾಕಿದರೂ ಟೈಮಿಂಗ್ ಲೈಟ್ ಹಿಡಿಯದೆ ಕಾರನ್ನು ಓಡಿಸಬಾರದು. ತಂತ್ರಾಂಶದಲ್ಲಿ ಇಗ್ನಿಷನ್ನನ್ನು 10 ಡಿಗ್ರಿಗೆ ಸ್ಥಿರಗೊಳಿಸಿ, ಮೊದಲನೆಯ ಸಿಲಿಂಡರಿನ ತಂತಿಗೆ ಲೈಟ್ ಸಿಕ್ಕಿಸಿ, ಪುಲ್ಲಿಯ ಮೇಲಿನ ಗುರುತೂ 10 ಡಿಗ್ರಿಯನ್ನೇ ತೋರಿಸುವವರೆಗೆ ತಂತ್ರಾಂಶದ ಟ್ರಿಗರ್ ಕೋನವನ್ನು ತಿದ್ದಬೇಕು. ಅನಂತರ ವೇಗವನ್ನು 4,000ದವರೆಗೆ ಏರಿಸಿದಾಗಲೂ ಗುರುತು ಅಲ್ಲಿಯೇ ನಿಲ್ಲಬೇಕು. ಕೊನೆಗೆ ಆ ಸ್ಥಿರ ಟೈಮಿಂಗನ್ನು ರದ್ದುಮಾಡಿ ಕೋಷ್ಟಕಕ್ಕೆ ಮರಳಬೇಕು. ಮರೆತರೆ ಕಾರು ನಿಶ್ಶಕ್ತವಾಗಿ, ಎಕ್ಸಾಸ್ಟ್ ಕೆಂಪಗೆ ಕಾಯುವಂತೆ ಓಡುತ್ತದೆ.

ಸಿಲಿಂಡರಿನೊಳಗೆ ಮಿಶ್ರಣ ಸಿಡಿದು ಹೊಡೆಯುವ ಸದ್ದನ್ನು ಹಿಡಿಯುವ ನಾಕ್ ಸೆನ್ಸರ್ ಈ ಎಂಜಿನ್ನಿನಲ್ಲಿ ಇರಲಿಲ್ಲ. ಹೊಸದಾಗಿ ಹಾಕುವವರು ಬಾಷ್‌ನ ಉಂಗುರಾಕಾರದ ಸೆನ್ಸರನ್ನು ಬ್ಲಾಕಿನ ಬರಿಯ, ಬಣ್ಣ ಕೆರೆದ ಲೋಹದ ಮೇಲೆ ವಾಷರಿಲ್ಲದೆ 20 ನ್ಯೂಟನ್-ಮೀಟರಿಗೆ ಬಿಗಿಯಬೇಕು. 78 ಮಿ.ಮೀ. ಬೋರಿನ ಈ ಎಂಜಿನ್ನಿಗೆ ಹುಡುಕಬೇಕಾದ ಮೂಲ ಆವರ್ತನ ಸುಮಾರು 7.3 ಕಿಲೋಹರ್ಟ್ಸ್.

ರಸ್ತೆಗಿಳಿಯುವ ಮುನ್ನ

ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡದೆ ಕೀಲಿ ಆನ್ ಮಾಡಿ ಲ್ಯಾಪ್‌ಟಾಪ್ ನೋಡಬೇಕು. ಕೂಲೆಂಟ್, ಒಳಗಾಳಿ, ಗ್ಯಾರೇಜಿನ ಥರ್ಮಾಮೀಟರ್ ಮೂರೂ ಎರಡು ಮೂರು ಡಿಗ್ರಿಯೊಳಗೆ ಒಂದೇ ಹೇಳಬೇಕು. ಯಾವುದೋ ಒಂದು ಮೈನಸ್ 40 ತೋರಿಸಿದರೆ ತಂತಿ ಕಡಿದಿದೆ, ಅಸಾಧ್ಯವಾದ ಬಿಸಿ ತೋರಿಸಿದರೆ ತಂತಿ ಗ್ರೌಂಡಿಗೆ ತಗುಲಿದೆ, ಹತ್ತು ಹದಿನೈದು ಡಿಗ್ರಿ ಮಾತ್ರ ಬೇರೆಯಿದ್ದರೆ ಮಾಪನದ ಸಂಖ್ಯೆಗಳು ತಪ್ಪಿವೆ. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ಐಡಲ್ಲಿನಲ್ಲಿರುವಾಗ ಕ್ಯಾಮ್ ಅಥವಾ ಕ್ರ್ಯಾಂಕ್ ಸೆನ್ಸರಿನ ಕನೆಕ್ಟರನ್ನು ಕೀಳಬೇಕು: ಎಂಜಿನ್ ನಿಂತ ಸ್ವಲ್ಪ ಹೊತ್ತಿನಲ್ಲೇ, ಕೀಲಿ ಆನ್ ಇದ್ದರೂ, ಪಂಪಿನ ಸದ್ದು ನಿಲ್ಲಬೇಕು. ನಿಲ್ಲದಿದ್ದರೆ ಪಂಪಿನ ವೈರಿಂಗ್ ಮತ್ತೆ ಮಾಡಬೇಕು, ಅಲ್ಲಿಯವರೆಗೆ ಕಾರು ಹೊರಗೆ ಹೋಗಬಾರದು.

ಕೊನೆಯ ಪರೀಕ್ಷೆ ಬಿಸಿಯದು. ಅರ್ಧ ಗಂಟೆ ಓಡಿಸಿ, ಬಾನೆಟ್ ಮುಚ್ಚಿ ಹದಿನೈದು ನಿಮಿಷ ನಿಲ್ಲಿಸಿ, ದಾಖಲೆ ಆನ್ ಮಾಡಿಟ್ಟು ಮತ್ತೆ ಸ್ಟಾರ್ಟ್ ಮಾಡಿ ಹೊರಟಾಗ ಒಳಗಾಳಿಯ ತಾಪಮಾನ ಎಷ್ಟರಿಂದ ಎಷ್ಟಕ್ಕೆ, ಎಷ್ಟು ಹೊತ್ತಿನಲ್ಲಿ ಇಳಿಯುತ್ತದೆ, ಆ ಹೊತ್ತಿನಲ್ಲಿ ವೈಡ್‌ಬ್ಯಾಂಡ್ ಏನು ಹೇಳುತ್ತದೆ ಎಂದು ನೋಡಬೇಕು. ಗಾಳಿ ಹರಿಯತೊಡಗಿದ ಅರ್ಧ ನಿಮಿಷದೊಳಗೆ ಓದು ಇಳಿದು ಮಿಶ್ರಣವೂ ಸರಿಹೋದರೆ ಜಾಗ ಸರಿಯಿದೆ. ನಿಮಿಷಗಟ್ಟಲೆ ಲೀನ್ ಆಗಿಯೇ ಉಳಿದರೆ ಇಂಧನ ಕೋಷ್ಟಕವನ್ನು ಮುಟ್ಟದೆ ಮೊದಲು ಸೆನ್ಸರನ್ನು ಇನ್ನಷ್ಟು ತಂಪು ಕೊಳವೆಗೆ ಸರಿಸಬೇಕು. ಅದಾದ ಮೇಲೂ ಉಳಿದ ಚಿಕ್ಕ ವ್ಯತ್ಯಾಸವನ್ನು ಮಾತ್ರ ಇಸಿಯುವಿನ ಗಾಳಿ-ತಾಪಮಾನ ತಿದ್ದುಪಡಿಯ ಕೋಷ್ಟಕದಲ್ಲಿ ಸರಿಪಡಿಸಬೇಕು.